ಒಂದೇ ಮನೆ, ಮೂರು ಲೆಕ್ಕ: 25 ವರ್ಷದ ನಮ್ಮ ಆರ್‌ಸಿಸಿ ಇನ್ನೆಷ್ಟು ದಿನ ಬಾಳುತ್ತದೆ?

ಗಣಿತದ ಮೇಡಂ (ಕೋಲಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೋಲಾರ ಟೌನ್‌ನಲ್ಲಿ, ಅಂತರಗಂಗೆ ಬೆಟ್ಟದ ಕಡೆ ಇದೆ. ಅಪ್ಪ 2000ರಲ್ಲಿ ಕಟ್ಟಿಸಿದ್ದು. ಅವರು ಈಗಿಲ್ಲ. ಅಮ್ಮ, ನಾನು, ನನ್ನ ಮಗ ಇದ್ದೇವೆ.

ತೊಂದರೆ ಎರಡು ಕಡೆ. ಮುಂದಿನ ಕಿಟಕಿಯ ಸಜ್ಜಾದ ಅಡಿಯಲ್ಲಿ ಚಕ್ಕೆ ಎದ್ದು ಬೀಳುತ್ತಿದೆ, ಒಳಗಿನ ಕಂಬಿ ಕೆಂಪಗೆ ಕಾಣುತ್ತಿದೆ. ಮಹಡಿಯ ಬಾತ್‌ರೂಮಿನ ಕೆಳಗೆ, ಅಂದರೆ ಕೆಳಮನೆಯ ಬಾತ್‌ರೂಮಿನ ಮೋಲ್ಡ್‌ನಲ್ಲಿ (ಕಾಂಕ್ರೀಟ್ ಚಾವಣಿಯಲ್ಲಿ), ಹೋದ ತಿಂಗಳು ಒಂದು ಅಂಗೈ ಅಗಲದ ತುಂಡು ಬಿತ್ತು. ಅಮ್ಮ ಆಗಷ್ಟೇ ಅಲ್ಲಿಂದ ಹೊರಗೆ ಬಂದಿದ್ದರು. ಹಾಲ್‌ನ ಮೋಲ್ಡ್ ಮಾತ್ರ ಗಟ್ಟಿಯಾಗಿದೆ. ಒಂದು ಬಿರುಕೂ ಇಲ್ಲ.

ನೋಡಲು ಬಂದವರಲ್ಲಿ ಒಬ್ಬರು "ಗಾರೆ ಬಳಿದು ಪೇಂಟ್ ಹೊಡೆಸಿ, ಸಾಕು" ಎಂದರು. ಇನ್ನೊಬ್ಬರು "ಮನೆ ಮುಗೀತು, ಕೆಡವಿಬಿಡಿ" ಎಂದರು. ಇಬ್ಬರೂ ಏನನ್ನೂ ಅಳೆಯಲಿಲ್ಲ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಾಂಕ್ರೀಟ್ ಹಾಳಾಗುವುದಕ್ಕೆ ಒಂದು ಸಮೀಕರಣ ಇರಲೇಬೇಕು ಅಲ್ವಾ? ಇದ್ದರೆ ನನಗೆ ಹೇಳಿಕೊಡಿ. ನಾನು ಅಳೆದು ಲೆಕ್ಕ ಹಾಕುತ್ತೇನೆ.

ಬಂಗಾರಪೇಟೆ ಮೇಸ್ತ್ರಿ

ಮೇಡಂ, 30 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಇದಕ್ಕೆಲ್ಲ ಕಾರಣ ಬೋರ್ ನೀರು. ಸಾವಿರ ಅಡಿಗೂ ಕೆಳಗಿನಿಂದ ಬರುವ ನೀರು, ಉಪ್ಪು ಉಪ್ಪು. ಅದನ್ನೇ ಕಲಸಿ ಮೋಲ್ಡ್ ಹಾಕಿದರೆ ಕಂಬಿ ತುಕ್ಕು ಹಿಡಿಯದೆ ಇನ್ನೇನು? ಜೊತೆಗೆ ಆ ಕಾಲದ ಫಿಲ್ಟರ್ ಮರಳು. ಕೆರೆ ಮಣ್ಣು ತೊಳೆದು ಮರಳು ಎಂದು ಮಾರುತ್ತಿದ್ದರು. ನಾನೂ ಅದರಲ್ಲಿ ಕೆಲಸ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಅದರಲ್ಲಿ ಜೇಡಿ ಜಾಸ್ತಿ. ಕಲಸುವಾಗ ಎಷ್ಟು ನೀರು ಹಾಕಿದರೂ ಸಾಲುತ್ತಿರಲಿಲ್ಲ.

ಮಾಲೂರು ಸೈಟ್ ಇಂಜಿನಿಯರ್

ಮೇಡಂ, ಮೊದಲು ಒಂದು ಕೆಲಸ ಮಾಡಿ. ಆ ಬಾತ್‌ರೂಮಿನಲ್ಲಿ ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಚಕ್ಕೆ ಬೀಳಲು ತಯಾರಾಗಿದೆ ಎಂದರ್ಥ. ತಲೆ ಮೇಲೆ ಬೀಳುವ ಮುಂಚೆ ಅದನ್ನು ಕೆಡವಿಸಿ. ಅಲ್ಲಿಯವರೆಗೆ ಅಮ್ಮನವರು ಬೇರೆ ಬಾತ್‌ರೂಮ್ ಬಳಸಲಿ.

ಇನ್ನು ಲೆಕ್ಕಕ್ಕೆ ಬರೋಣ. ಸಿಮೆಂಟ್ ನೀರಿನ ಜೊತೆ ಗಟ್ಟಿಯಾಗುವಾಗ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಹುಟ್ಟುತ್ತದೆ. ಅದರಿಂದ ಕಾಂಕ್ರೀಟಿನ ಪಿಎಚ್ 12.5ಕ್ಕೂ ಮೇಲೆ ಇರುತ್ತದೆ. ಅಷ್ಟು ಕ್ಷಾರದಲ್ಲಿ ಕಂಬಿಯ ಮೇಲೆ ಕಣ್ಣಿಗೆ ಕಾಣದ ಒಂದು ತೆಳು ಪದರ ಕೂತಿರುತ್ತದೆ. ಅದೇ ಕಂಬಿಗೆ ಕಾವಲು. ಗಾಳಿಯ ಇಂಗಾಲದ ಡೈಆಕ್ಸೈಡ್ ಸಣ್ಣ ರಂಧ್ರಗಳಲ್ಲಿ ಒಳಗೆ ಹೋಗಿ ಈ ಸುಣ್ಣವನ್ನು ಸುಣ್ಣಕಲ್ಲಾಗಿ ಮಾಡುತ್ತದೆ. ಪಿಎಚ್ 9ಕ್ಕಿಂತ ಕೆಳಗೆ ಇಳಿಯುತ್ತದೆ. ಕಾವಲು ಹೋಗುತ್ತದೆ. ಇದಕ್ಕೆ ಕಾರ್ಬೊನೇಶನ್ ಎನ್ನುತ್ತಾರೆ. ಕಾಂಕ್ರೀಟಿಗೆ ಇದರಿಂದ ಏನೂ ಆಗುವುದಿಲ್ಲ, ಇನ್ನೂ ಸ್ವಲ್ಪ ಗಟ್ಟಿಯೇ ಆಗುತ್ತದೆ. ಪೆಟ್ಟು ಬೀಳುವುದು ಕಂಬಿಗೆ. ತುಕ್ಕು ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ತಗೊಳ್ಳುತ್ತದೆ. ಒಳಗಿಂದ ಒತ್ತಿ ಚಕ್ಕೆ ಎಬ್ಬಿಸುವುದು ಅದೇ.

ಅಳೆಯುವುದು ಸುಲಭ. ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಫಿನಾಲ್ಫ್ತಲೀನ್ ಇರುತ್ತದೆ. 100 ಮಿ.ಲೀ. ಆಲ್ಕೋಹಾಲಿಗೆ 1 ಗ್ರಾಂ. ಗಾರೆ ತೆಗೆದು ಕಾಂಕ್ರೀಟನ್ನು ಉಳಿಯಿಂದ ಒಡೆಯಿರಿ, ಹೊಸದಾಗಿ ಒಡೆದ ಮುಖದ ಧೂಳು ಊದಿ ಕೂಡಲೇ ಸಿಂಪಡಿಸಿ. ಗುಲಾಬಿ ಬಂದ ಕಡೆ ಕಾವಲು ಇದೆ. ಬಣ್ಣ ಬರದ ಕಡೆ ಹೋಗಿದೆ. ಬಣ್ಣ ಬರದ ಪಟ್ಟಿಯ ಅಗಲ ಎಷ್ಟು ಮಿ.ಮೀ., ಕಂಬಿ ಎಷ್ಟು ಆಳದಲ್ಲಿದೆ, ಎರಡನ್ನೂ ಬರೆದುಕೊಳ್ಳಿ. ಒಂದೇ ಕಡೆ ಅಳೆಯಬೇಡಿ. ಹಾಲ್, ಸಜ್ಜಾ, ಬಾತ್‌ರೂಮ್ ಮೂರೂ ಬೇಕು.

ಮುಳಬಾಗಿಲು ಲ್ಯಾಬ್

ನಾನು ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನಮ್ಮೂರಿನ ಕಡೆಯವರೊಬ್ಬರು ಸಮೀಕರಣ ಕೇಳಿದ್ದು ನೋಡಿ ತುಂಬ ಖುಷಿಯಾಯಿತು.

ಮೇಡಂ, ನಿಮಗೆ ಬೇಕಾದ ಮೊದಲ ಸೂತ್ರ ಇಷ್ಟೇ: ಕಾರ್ಬೊನೇಶನ್ ಆಳ = ಕೆ × ವರ್ಷಗಳ ವರ್ಗಮೂಲ. ವರ್ಗಮೂಲ ಏಕೆ ಬರುತ್ತದೆ ನೋಡಿ. ಅನಿಲ ಸುಣ್ಣ ಮುಗಿದ ಪದರವನ್ನು ದಾಟಿ ಹೋಗಿ, ಅದರ ಆಚೆಯ ಹೊಸ ಸುಣ್ಣವನ್ನು ತಿನ್ನಬೇಕು. ದಿನ ಕಳೆದಂತೆ ದಾರಿ ಉದ್ದವಾಗುತ್ತದೆ, ವೇಗ ಇಳಿಯುತ್ತದೆ. ವೇಗ ಆಳಕ್ಕೆ ವಿಲೋಮ ಎಂದು ಬರೆದು ಸಮಾಕಲನ ಮಾಡಿ, ಆಳದ ವರ್ಗ ಕಾಲಕ್ಕೆ ಸಮಾನುಪಾತ ಎಂದು ಬಂದುಬಿಡುತ್ತದೆ. ನಿಮ್ಮ ಎರಡನೇ ಪಿಯು ಮಕ್ಕಳೇ ಮಾಡುವ ಲೆಕ್ಕ.

ಕೆ ಪುಸ್ತಕದಿಂದ ಬರುವುದಿಲ್ಲ, ನಿಮ್ಮ ಗೋಡೆಯಿಂದಲೇ ಬರಬೇಕು. ನೀರು–ಸಿಮೆಂಟ್ ಪ್ರಮಾಣ, ಕ್ಯೂರಿಂಗ್ (ಹಾಕಿದ ಕಾಂಕ್ರೀಟನ್ನು ಕೆಲವು ದಿನ ನೀರಲ್ಲಿ ನೆನೆಸಿಡುವುದು), ಗಾಳಿಯ ತೇವ ಎಲ್ಲ ಅದರಲ್ಲಿ ಅಡಗಿವೆ. ತೇವ 50ರಿಂದ 70 ಶೇಕಡಾ ಇರುವಾಗ ಕಾರ್ಬೊನೇಶನ್ ಅತಿ ವೇಗ. ತೀರ ಒದ್ದೆಯಾದರೆ ರಂಧ್ರಗಳಲ್ಲಿ ನೀರು ತುಂಬಿ ಅನಿಲ ನುಗ್ಗುವುದಿಲ್ಲ. ತೀರ ಒಣಗಿದರೆ ರಾಸಾಯನಿಕ ಕ್ರಿಯೆಗೇ ನೀರಿಲ್ಲ. ಮಳೆ ಕಮ್ಮಿ, ಗಾಳಿ ಜಾಸ್ತಿ ಇರುವ ನಮ್ಮ ಜಿಲ್ಲೆ ಈ ನಡುವಿನ ಜಾಗದಲ್ಲಿ ಬಹಳ ತಿಂಗಳು ಇರುತ್ತದೆ. ಆದ್ದರಿಂದ "ಒಣ ಊರು, ತುಕ್ಕಿನ ಭಯ ಇಲ್ಲ" ಎನ್ನುವುದು ಅರ್ಧ ಸತ್ಯ. ಕಾವಲು ಕಳೆಯಲು ಒಣ ಗಾಳಿ ಸಾಕು. ಆಮೇಲೆ ತುಕ್ಕು ಹಿಡಿಯಲು ಒಂದಿಷ್ಟು ನೀರು ಸಿಕ್ಕರೆ ಆಯಿತು.

1982ರಲ್ಲಿ ಸ್ವೀಡನ್‌ನ ಟೂಟಿ ಎಂಬುವರು ಈ ಎರಡನ್ನು ಬೇರೆ ಬೇರೆ ಕಾಲಗಳಾಗಿ ಬಿಡಿಸಿ ತೋರಿಸಿದರು. ಮೊದಲನೆಯದು ಕಾವಲು ಕಳೆಯುವ ಕಾಲ, ಎರಡನೆಯದು ತುಕ್ಕು ಬೆಳೆಯುವ ಕಾಲ. ಇವತ್ತಿಗೂ ಹೆಚ್ಚಿನ ಮಾದರಿಗಳು ಆ ಚಿತ್ರದ ಮೇಲೆಯೇ ನಿಂತಿವೆ.

ಮೇಸ್ತ್ರಿ ಅಣ್ಣ, ನಿಮ್ಮ ಬೋರ್ ನೀರಿನ ಮಾತನ್ನೂ ಒಮ್ಮೆ ತೂಗಿ ನೋಡೋಣ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 180 ಲೀಟರ್ ನೀರು ಹೋಗುತ್ತದೆ. ಆ ನೀರಿನಲ್ಲಿ ಲೀಟರಿಗೆ 1,000 ಮಿ.ಗ್ರಾಂ. ಕ್ಲೋರೈಡ್ ಇತ್ತು ಎಂದುಕೊಳ್ಳಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಆರ್‌ಸಿಸಿಗೆ, ಅಂದರೆ ಕಂಬಿ ಇಟ್ಟ ಕಾಂಕ್ರೀಟಿಗೆ, ಬಿಡುವುದು 500 ಮಾತ್ರ, ಅಂದರೆ ಇದು ಅದರ ಎರಡರಷ್ಟು. ಆದರೂ ಒಟ್ಟು ಬಂದದ್ದು 180 ಗ್ರಾಂ. ಅದೇ ಐಎಸ್ 456 ಒಂದು ಘನ ಮೀಟರ್ ಆರ್‌ಸಿಸಿಯಲ್ಲಿ ಒಟ್ಟು 600 ಗ್ರಾಂವರೆಗೆ ಒಪ್ಪುತ್ತದೆ. ಮರಳು, ಜೆಲ್ಲಿ, ಸಿಮೆಂಟಿನಿಂದಲೂ ಸ್ವಲ್ಪ ಸ್ವಲ್ಪ ಸೇರುತ್ತದೆ, ಹಾಗಾಗಿ ನೀರಿನ ಮಿತಿ ಬಿಗಿಯಾಗಿಟ್ಟಿದ್ದಾರೆ, ಅದು ಸರಿ. ಆದರೆ ಕಲಸಿದ ನೀರೊಂದೇ ಈ ಮನೆಯನ್ನು ಕೆಡಿಸಿರುವುದು ಕಷ್ಟ. ಹಾಗಾಗಿದ್ದರೆ ಅದೇ ನೀರಲ್ಲಿ ಕಲಸಿದ ಹಾಲ್ ಕೂಡ ಕೆಡಬೇಕಿತ್ತು ಅಲ್ವಾ?

ಬಂಗಾರಪೇಟೆ ಮೇಸ್ತ್ರಿ

ಹಾಲ್ ಮಾತು ಸರಿ ತಮ್ಮ. ಅದು ನನಗೆ ಹೊಳೆದಿರಲಿಲ್ಲ.

ಶ್ರೀನಿವಾಸಪುರ ತೋಟ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು, ಮೂಳೆ ಕೆಡಿಸುವುದು ಕಾಂಕ್ರೀಟನ್ನೂ ಕೆಡಿಸುವುದಿಲ್ಲವೇ? ಮಾವಿನ ತೋಟದಲ್ಲಿ ಮನೆ ಕಟ್ಟಿಸಬೇಕು ಎಂದಿದ್ದೇನೆ.

ಮುಳಬಾಗಿಲು ಲ್ಯಾಬ್

ಕುಡಿಯುವ ನೀರಲ್ಲಿ 1.5 ಮಿ.ಗ್ರಾಂ. ದಾಟಿದರೆ ದೇಹಕ್ಕೆ ತೊಂದರೆ. ಆದರೆ ಲೀಟರಿಗೆ ಕೆಲವೇ ಮಿ.ಗ್ರಾಂ. ಫ್ಲೋರೈಡ್ ಕಾಂಕ್ರೀಟಿಗೆ ಏನೂ ಮಾಡುವುದಿಲ್ಲ. ಸಿಮೆಂಟಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಲ್ಲಿ ಕರಗದ ಉಪ್ಪಾಗಿ ಕೂತುಬಿಡುತ್ತದೆ. ನೀವು ಪರೀಕ್ಷೆ ಮಾಡಿಸಬೇಕಾದ್ದು ಕ್ಲೋರೈಡ್, ಸಲ್ಫೇಟ್, ಪಿಎಚ್. ಸಲ್ಫೇಟ್ 400 ಮಿ.ಗ್ರಾಂ. ಮೀರಬಾರದು, ಪಿಎಚ್ 6ಕ್ಕಿಂತ ಕಮ್ಮಿ ಇರಬಾರದು.

ಗಣಿತದ ಮೇಡಂ (ಕೋಲಾರ)

ಅಳೆದೆ! ಕೆಮಿಸ್ಟ್ರಿ ಮೇಡಂ ಭಾನುವಾರ ಮನೆಗೇ ಬಂದರು. ಮಾಲೂರು ಸಾರ್ ಹೇಳಿದಂತೆಯೇ ಒಡೆಸಿದೆವು. ಸಿಂಪಡಿಸಿದ ಕೂಡಲೇ ಒಳಗಡೆ ಕುಂಕುಮದ ನೀರು ಚೆಲ್ಲಿದಂತೆ ಗುಲಾಬಿ, ಹೊರಗಡೆ ಸುಮ್ನೆ ಬೂದು. ಗೆರೆ ಎಳೆದಂತೆ ಸ್ಪಷ್ಟವಾಗಿತ್ತು. 25 ವರ್ಷ ಗಾಳಿ ಎಷ್ಟು ದೂರ ನಡೆದಿದೆ ಎಂದು ಕಣ್ಣಾರೆ ನೋಡಿದೆ.

ಹಾಲ್‌ನ ಮೋಲ್ಡ್: ಬಣ್ಣ ಬರದ ಭಾಗ 10 ಮಿ.ಮೀ., ಕಂಬಿ 15 ಮಿ.ಮೀ. ಆಳದಲ್ಲಿ.

ಸಜ್ಜಾದ ಅಡಿ: ಮೂರು ಕಡೆ ಒಡೆದೆವು, 23, 25, 27. ಸರಾಸರಿ 25 ಎಂದಿಟ್ಟುಕೊಂಡೆ. ಕಂಬಿ 15ರಲ್ಲಿ.

ಬಾತ್‌ರೂಮಿನ ಮೋಲ್ಡ್: 8 ಮಿ.ಮೀ. ಕಂಬಿ 20ರಲ್ಲಿ.

25ರ ವರ್ಗಮೂಲ 5. ಹಾಲ್‌ಗೆ ಕೆ = 2. ಗಾಳಿ ಕಂಬಿ ಮುಟ್ಟಲು 15ನ್ನು 2ರಿಂದ ಭಾಗಿಸಿ ವರ್ಗ ಮಾಡಿದರೆ 56 ವರ್ಷ. ಇನ್ನೂ 31 ವರ್ಷ ಇದೆ. ಸಜ್ಜಾಗೆ ಕೆ = 5, ಕಂಬಿ ಮುಟ್ಟಿದ್ದು 9 ವರ್ಷಕ್ಕೇ, ಅಂದರೆ 2009ರಲ್ಲಿ. ಒಂದೇ ದಿನ ಕಲಸಿದ ಕಾಂಕ್ರೀಟ್ ಅಲ್ಲದಿದ್ದರೂ ಒಂದೇ ಮನೆ, ಒಂದೇ ಮೇಸ್ತ್ರಿ. ಇಷ್ಟು ಅಂತರವೇ?

ಇನ್ನು ಬಾತ್‌ರೂಮ್. ಕೆ 1.6 ಬರುತ್ತದೆ. ಕಂಬಿ ಮುಟ್ಟಲು 156 ವರ್ಷ. ಆದರೆ ಕಂಬಿ ತಿಂದುಹೋಗಿದೆ! ಎಲ್ಲಕ್ಕಿಂತ ಚೆನ್ನಾಗಿರಬೇಕಾದ ಕಡೆ ಎಲ್ಲಕ್ಕಿಂತ ಹಾಳಾಗಿದೆ. ಸೂತ್ರ ತಪ್ಪೋ, ನಾನು ಅಳೆದದ್ದು ತಪ್ಪೋ?

ಮಾಲೂರು ಸೈಟ್ ಇಂಜಿನಿಯರ್

ಹಾಲ್‌ಗೂ ಸಜ್ಜಾಗೂ ಅಂತರ ಇರುವುದು ಸಹಜ ಮೇಡಂ. ಹಾಲ್‌ನ ಅಡಿಗೆ ಗಾರೆ, ಅದರ ಮೇಲೆ ಪೇಂಟ್ ಇದೆ. ಮೋಲ್ಡ್ ಹಾಕಿದಾಗ ಮಣ್ಣಿನ ಕಟ್ಟೆ ಕಟ್ಟಿ ಮೇಲೆ ನೀರು ನಿಲ್ಲಿಸಿರುತ್ತಾರೆ. ಸಜ್ಜಾ ತೆಳ್ಳಗೆ, ಬಿಸಿಲಿಗೆ ಒಡ್ಡಿರುತ್ತದೆ. ಅದಕ್ಕೆ ಕ್ಯೂರಿಂಗ್ ಯಾರೂ ಸರಿಯಾಗಿ ಮಾಡುವುದಿಲ್ಲ. ಬೆಳಿಗ್ಗೆ ಒಂದು ಬಕೆಟ್ ಎರಚಿದರೆ ಹತ್ತು ಗಂಟೆಗೆ ಒಣಗಿರುತ್ತದೆ.

ಬಂಗಾರಪೇಟೆ ಮೇಸ್ತ್ರಿ

ನಿಜ. ಆಗ ನೀರೆಲ್ಲಿತ್ತು ಸಾರ್? ಕುಡಿಯಲು ಟ್ಯಾಂಕರ್ ಕಾಯುವ ಊರಲ್ಲಿ ಸಜ್ಜಾಗೆ ನೀರು ಹಾಕಿ ಎಂದರೆ ಮನೆಯವರೇ ಬೇಡ ಎನ್ನುತ್ತಿದ್ದರು. ಮೋಲ್ಡ್‌ಗೆ ಒಂದು ವಾರ ಸಿಕ್ಕರೆ ಪುಣ್ಯ. ಸಜ್ಜಾಗೆ ಎರಡೇ ದಿನ.

ಮುಳಬಾಗಿಲು ಲ್ಯಾಬ್

ಸಜ್ಜಾದ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋಗೋಣ, ಪರೀಕ್ಷೆ ಮಾಡಲು ಒಂದು ದಾರಿ ಇದೆ. 2009ರಲ್ಲಿ ಕಾವಲು ಹೋಯಿತು. ಮಳೆ ಬಿದ್ದಾಗ ನೆನೆದು, ಆಮೇಲೆ ಒಣಗುವ ಜಾಗ. ತುಕ್ಕಿನ ವಿದ್ಯುತ್ ಪ್ರವಾಹ ಚದರ ಸೆಂ.ಮೀ.ಗೆ 1 ಮೈಕ್ರೋ ಆಂಪಿಯರ್ ಇದ್ದರೆ ವರ್ಷಕ್ಕೆ 11.6 ಮೈಕ್ರಾನ್ ಕಬ್ಬಿಣ ಹೋಗುತ್ತದೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು). ಇಂಥ ಜಾಗಕ್ಕೆ ಅದರ ಅರ್ಧ ಇಟ್ಟುಕೊಳ್ಳೋಣ, ವರ್ಷಕ್ಕೆ ಸುಮಾರು 6 ಮೈಕ್ರಾನ್. ಕವರ್, ಅಂದರೆ ಕಂಬಿಯನ್ನು ಮುಚ್ಚಿರುವ ಕಾಂಕ್ರೀಟ್ ಪದರ, ತೆಳ್ಳಗಿದ್ದಾಗ 50 ಮೈಕ್ರಾನ್ ತುಕ್ಕಾದರೆ ಸಾಕು, ಕೂದಲೆಳೆ ಬಿರುಕು ಬರುತ್ತದೆ. 50ನ್ನು 6ರಿಂದ ಭಾಗಿಸಿದರೆ 8 ವರ್ಷ ಚಿಲ್ಲರೆ. ಅಂದರೆ ಮೊದಲ ಬಿರುಕು 2017–18ರ ಸುಮಾರಿಗೆ ಕಂಡಿರಬೇಕು. ಯಾರಿಗಾದರೂ ನೆನಪಿದೆಯೇ?

ಗಣಿತದ ಮೇಡಂ (ಕೋಲಾರ)

ಅಮ್ಮನನ್ನು ಕೇಳಿದೆ. ಅವರು ಯೋಚಿಸಲೂ ಇಲ್ಲ. "ನಿನ್ನ ತಂಗಿ ಮದುವೆಗೆ ಬಣ್ಣ ಹೊಡೆಸುವಾಗ ಆ ಹುಡುಗ ತೋರಿಸಿದ್ದ, ಉದ್ದಕ್ಕೆ ಒಂದು ಗೆರೆ ಇತ್ತು, ಪಟ್ಟಿ ತುಂಬಿ ಬಣ್ಣ ಬಳಿದ" ಎಂದರು. ತಂಗಿ ಮದುವೆ 2019ರ ಮೇ ತಿಂಗಳು.

ನನಗೆ ಮೈ ಜುಮ್ಮೆಂದಿತು. ಆ ದಿನವೇ ಯಾರಾದರೂ ಗೆರೆ ನೋಡಿ ಕಂಬಿ ನೆನಪಿಸಿಕೊಂಡಿದ್ದರೆ ಎಷ್ಟು ಸಣ್ಣ ಕೆಲಸದಲ್ಲಿ ಮುಗಿಯುತ್ತಿತ್ತು.

ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತಿದೆ. ಸೂತ್ರದಲ್ಲಿ ಕವರ್‌ಗೆ ವರ್ಗ ಇದೆ. ಅದೇ ಸಜ್ಜಾದಲ್ಲಿ ಕವರ್ 10 ಇದ್ದ ಕಡೆ 4 ವರ್ಷಕ್ಕೇ ಕಾವಲು ಹೋಗಿರುತ್ತದೆ. 20 ಇದ್ದ ಕಡೆ 16 ವರ್ಷ. 30 ಇಟ್ಟಿದ್ದರೆ 36 ವರ್ಷ! ಅದೇ ಕೆಟ್ಟ ಕಾಂಕ್ರೀಟ್, ಅದೇ ಕಮ್ಮಿ ಕ್ಯೂರಿಂಗ್. ಬರೀ ಒಂದು ಬೆರಳಿನಷ್ಟು ದಪ್ಪಕ್ಕೆ ಇಷ್ಟು ವ್ಯತ್ಯಾಸ.

ಬಂಗಾರಪೇಟೆ ಮೇಸ್ತ್ರಿ

ಮೇಡಂ, ಇದನ್ನು ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಂಬಿಯನ್ನು ಅಡಿಯ ಶೀಟಿನಿಂದ ಎತ್ತಿ ಹಿಡಿಯಲು ಕವರ್ ಬ್ಲಾಕ್ ಇಡಬೇಕು, ನಾವು ಅದರ ಬದಲು ಜೆಲ್ಲಿ ಚೂರು ಇಟ್ಟಿದ್ದೇವೆ. ಕಾಂಕ್ರೀಟ್ ಹಾಕುವವರು ಕಂಬಿ ಮೇಲೆ ಓಡಾಡಿದರೆ ಚೂರು ಜಾರುತ್ತದೆ, ಕಂಬಿ ಶೀಟಿಗೆ ಅಂಟಿಕೊಳ್ಳುತ್ತದೆ. ಐದು ಮಿ.ಮೀ. ಹೆಚ್ಚು ಕಮ್ಮಿಯಾದರೆ ಏನು ಎಂದುಕೊಂಡಿದ್ದೆವು. 20ರ ಬದಲು 15 ಆದರೆ ಎಷ್ಟು ಹೋಗುತ್ತದೆ?

ಗಣಿತದ ಮೇಡಂ (ಕೋಲಾರ)

400ರ ಬದಲು 225 ಅಣ್ಣ. ನೂರಕ್ಕೆ 44 ಪಾಲು ಕಾಲ ಹೋಯಿತು.

ಚಿಂತಾಮಣಿ ನೀರುಗಂಟಿ

ಬಾತ್‌ರೂಮಿನ ವಿಷಯಕ್ಕೆ ನಾನು ಕಂಡದ್ದು ಹೇಳುತ್ತೇನೆ. ಊರಿನ ಓವರ್‌ಹೆಡ್ ಟ್ಯಾಂಕಿಗೆ ನೀರು ಬಿಡುವುದು ನನ್ನ ಕೆಲಸ. ಟ್ಯಾಂಕ್ ತೊಳೆಯಲು ಇಳಿದಾಗ ನೋಡಿದ್ದೇನೆ. ನೀರಿನಲ್ಲಿ ಮುಳುಗಿರುವ ಗೋಡೆ ಚೆನ್ನಾಗಿರುತ್ತದೆ. ನೀರೇ ತಾಗದ ಮುಚ್ಚಳದ ಅಡಿಯಲ್ಲಿ ಕಂಬಿ ಎಲ್ಲ ಹೊರಗೆ. ಬ್ಲೀಚಿಂಗ್ ಪೌಡರ್ ಹಾಕಿದಾಗ ಆವಿ ಮೇಲಕ್ಕೆ ಏರಿ ಅಲ್ಲಿ ಹನಿಯಾಗಿ ಕೂರುತ್ತದೆ. ಬಾತ್‌ರೂಮಿನಲ್ಲೂ ಹೀಗೆ ಏನೋ ಬೇರೆ ವಸ್ತು ಸೇರುತ್ತಿರಬೇಕು.

ಮುಳಬಾಗಿಲು ಲ್ಯಾಬ್

ಅಣ್ಣ, ನೀವು ಹೇಳಿದ್ದು ಬಹಳ ಮುಖ್ಯ. ಮುಳುಗಿದ ಗೋಡೆಯೊಳಗೆ ಆಮ್ಲಜನಕ ಹೋಗುವುದು ಕಷ್ಟ, ಅದಕ್ಕೇ ತುಕ್ಕು ನಿಧಾನ. ಮುಚ್ಚಳದ ಅಡಿಯಲ್ಲಿ ತೇವ, ಗಾಳಿ, ಕ್ಲೋರಿನ್ ಮೂರೂ ಇವೆ.

ಮೇಡಂ, ನಿಮ್ಮ ಸೂತ್ರವೂ ಸರಿ, ಅಳತೆಯೂ ಸರಿ. ಬಾತ್‌ರೂಮ್ ಸದಾ ತೇವ, ಆದ್ದರಿಂದ ಕಾರ್ಬೊನೇಶನ್ ನಿಧಾನ. 8 ಮಿ.ಮೀ. ನಂಬುವಂಥದ್ದೇ. ಅಂದರೆ ಅಲ್ಲಿನ ಕಂಬಿಯನ್ನು ಕೊಂದದ್ದು ಗಾಳಿಯಲ್ಲ, ಬೇರೆ ಯಾರೋ. ಸುಣ್ಣ ಇದ್ದರೂ, ಪಿಎಚ್ 12 ದಾಟಿದ್ದರೂ ಕಾವಲು ಪದರವನ್ನು ಚುಚ್ಚಿ ಹರಿಯುವುದು ಕ್ಲೋರೈಡ್. ಕೆಲಸ ಮುಗಿದ ಮೇಲೂ ಅದು ಖರ್ಚಾಗುವುದಿಲ್ಲ, ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ. ಸಿಮೆಂಟಿನ ತೂಕದ 0.4 ಶೇಕಡಾ ಮುಟ್ಟಿದರೆ ಅಪಾಯ ಶುರು ಎಂದು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ.

ಕ್ಲೋರೈಡ್ ಒಳಗೆ ಹೋಗುವುದಕ್ಕೆ ಫಿಕ್ ಎಂಬುವರ ನಿಯಮ ಇದೆ, 1855ರದು. ಸಮುದ್ರ ತೀರದ ಸೇತುವೆಗಳಿಗೆ ಇದನ್ನೇ ಬಳಸುತ್ತಾರೆ. ಒಳಗಿನ ಕ್ಲೋರೈಡ್ = ಮೇಲ್ಮೈ ಕ್ಲೋರೈಡ್ × (1 − ಎರರ್ ಫಂಕ್ಷನ್). ಎರರ್ ಫಂಕ್ಷನ್‌ ಒಂದು ಗಣಿತದ ಫಲನ, ಬೆಲೆ ಕೋಷ್ಟಕದಲ್ಲಿ ಸಿಗುತ್ತದೆ; ಅದರ ಒಳಗೆ ಹೋಗುವುದು ಆಳವನ್ನು 2√(ಡಿ × ಕಾಲ)ದಿಂದ ಭಾಗಿಸಿದ ಸಂಖ್ಯೆ. ಡಿ ಎಂದರೆ ಕಾಂಕ್ರೀಟಿನಲ್ಲಿ ಕ್ಲೋರೈಡ್ ಎಷ್ಟು ಬೇಗ ಇಂಗುತ್ತದೆ ಎಂಬ ಅಳತೆ. ಒಳ್ಳೆಯ ಕಾಂಕ್ರೀಟಿಗೆ ಡಿ ವರ್ಷಕ್ಕೆ ಸುಮಾರು 30 ಚದರ ಮಿ.ಮೀ., ಕೆಟ್ಟದ್ದಕ್ಕೆ ಅದರ ಹತ್ತು ಪಟ್ಟು ಹಿಡಿಯಿರಿ. ಐದು ಇಂಚು ಮೋಲ್ಡ್, ಕ್ಲೋರೈಡ್ ಮಹಡಿಯ ನೆಲದಿಂದ ಬರುತ್ತಿದೆ ಎಂದು ಲೆಕ್ಕ ಮಾಡಿ ನೋಡಿ.

ಗಣಿತದ ಮೇಡಂ (ಕೋಲಾರ)

ಮಾಡಿದೆ. ಮೇಲಿನಿಂದ ಅಡಿಯ ಕಂಬಿಗೆ 105 ಮಿ.ಮೀ. ದೂರ. ಡಿ 30 ಆದರೆ 25 ವರ್ಷದಲ್ಲಿ ಕಂಬಿಗೆ ತಲುಪುವುದು ಮೇಲಿನದರ ನೂರಕ್ಕೆ ಒಂದು ಪಾಲೂ ಇಲ್ಲ. ಡಿ 300 ಆದರೆ 39 ಪಾಲು ತಲುಪುತ್ತದೆ. ಒಂದು ಉತ್ತರ "ಸಾಧ್ಯವೇ ಇಲ್ಲ", ಇನ್ನೊಂದು "ಧಾರಾಳವಾಗಿ ಸಾಧ್ಯ". ಡಿ ಅಳೆಯದೆ ಯಾವುದನ್ನು ನಂಬಲಿ?

ಮುಳಬಾಗಿಲು ಲ್ಯಾಬ್

ಇಲ್ಲಿ ಡಿ ಬೇಡ, ಕಣ್ಣು ಸಾಕು. ಇಡೀ ಮೋಲ್ಡ್ ಮೂಲಕ ಇಂಗಿ ಬಂದಿದ್ದರೆ ಬಾತ್‌ರೂಮಿನ ಉದ್ದಗಲಕ್ಕೂ ತುಕ್ಕು ಇರಬೇಕು. ಒಂದೇ ಕಡೆ ಇದ್ದರೆ ಅದು ಇಂಗಿದ್ದಲ್ಲ, ಸೋರಿದ್ದು. ಸೋರಿಕೆಗೆ ಫಿಕ್ ನಿಯಮ ಹೊಂದುವುದಿಲ್ಲ. ಎಲ್ಲೆಲ್ಲಿ ಚಕ್ಕೆ ಎದ್ದಿದೆ, ಹೇಳಿ.

ಗಣಿತದ ಮೇಡಂ (ಕೋಲಾರ)

ಮೇಲಿನ ನಾಣಿ ಟ್ರ್ಯಾಪ್, ಅಂದರೆ ಬಾತ್‌ರೂಮಿನ ನೆಲದ ನೀರು ಹೊರಗೆ ಹೋಗುವ ಬಾಯಿ, ಅದರ ಪೈಪು ಮೋಲ್ಡ್ ದಾಟುವ ಕಡೆ. ಅದರ ಸುತ್ತ ಒಂದೂವರೆ ಅಡಿ ಚೌಕ. ಆಚೆ ತುದಿಯಲ್ಲಿ ತಟ್ಟಿದರೆ ಟಣ್ ಎಂದು ಗಟ್ಟಿ ಸದ್ದು.

ಇನ್ನೊಂದು ವಿಷಯ ಈಗ ಹೊಳೆಯಿತು. ಮಹಡಿ ಬಾಡಿಗೆಗೆ ಕೊಟ್ಟಿದ್ದೆವು. ಬೋರ್ ನೀರು ಗಡಸು, ಟೈಲ್ಸ್ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಅದನ್ನು ತೆಗೆಯಲು ತಿಂಗಳಿಗೆ ಒಂದು ಲೀಟರ್ ಆಸಿಡ್ ಬಾಟಲಿ. ಒಂದಲ್ಲ ಎರಡಲ್ಲ, 15 ವರ್ಷ. ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ತಾನೇ?

ಮುಳಬಾಗಿಲು ಲ್ಯಾಬ್

ಹೌದು ಮೇಡಂ. ಸಿಕ್ಕಿತು ಎಂದುಕೊಳ್ಳುತ್ತೇನೆ.

ಲೆಕ್ಕ ನೋಡಿ. ಬಾಟಲಿಯಲ್ಲಿ ಆಸಿಡ್ 10 ಶೇಕಡಾ ಎಂದಿಟ್ಟುಕೊಳ್ಳೋಣ, ಲೀಟರಿಗೆ ಸುಮಾರು 100 ಗ್ರಾಂ. ಅದರಲ್ಲಿ ತೂಕ ಬಹುಪಾಲು ಕ್ಲೋರೈಡಿನದೇ. 180 ಬಾಟಲಿಗೆ 17 ಕೆ.ಜಿ.ಗೂ ಜಾಸ್ತಿ. ಅದರಲ್ಲಿ 99 ಪಾಲು ಚರಂಡಿಗೆ ಹೋಯಿತು ಎಂದೇ ಇಟ್ಟುಕೊಳ್ಳಿ. ಉಳಿದ ಒಂದು ಪಾಲು ಟ್ರ್ಯಾಪ್ ಸುತ್ತಲಿನ ಸಂದಿನಲ್ಲಿ ಇಳಿದರೆ ಸುಮಾರು 175 ಗ್ರಾಂ.

ಈಗ ಒಂದೂವರೆ ಅಡಿ ಚೌಕ, ಐದು ಇಂಚು ದಪ್ಪದ ಕಾಂಕ್ರೀಟಿನಲ್ಲಿ ಸಿಮೆಂಟ್ ಎಷ್ಟಿರುತ್ತದೆ? ಸುಮಾರು 8 ಕೆ.ಜಿ. ಅದರ 0.4 ಶೇಕಡಾ ಎಂದರೆ 32 ಗ್ರಾಂ. ಬೇಕಾದ್ದಕ್ಕಿಂತ ಐದು ಪಟ್ಟು ಬಂದು ಕೂತಿದೆ.

ಗಡಸು ನೀರು ನೇರವಾಗಿ ಏನೂ ಮಾಡಲಿಲ್ಲ. ಅದರ ಕಲೆ ತೆಗೆಯಲು ಸುರಿದ ಆಸಿಡ್ ಮಾಡಿತು. ಮೇಸ್ತ್ರಿ ಅಣ್ಣ ಬೋರ್ ನೀರು ಎಂದಿದ್ದರಲ್ಲ, ಸುತ್ತಿ ಬಳಸಿ ಅವರ ಮಾತು ನಿಜವಾಯಿತು.

ಆದರೂ ಊಹೆಯಲ್ಲಿ ನಿಲ್ಲಬೇಡಿ. ಬಿದ್ದ ತುಂಡನ್ನು ಪುಡಿ ಮಾಡಿ, ನೀರು ಬೆರೆಸಿ ತೆಳುಮಾಡಿದ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಸೋಸಿ, ಸಿಲ್ವರ್ ನೈಟ್ರೇಟ್ ಹನಿ ಹಾಕಿಸಿ. ಪಿಯು ಲ್ಯಾಬಿನ ಸಾಲ್ಟ್ ಅನಾಲಿಸಿಸ್‌ನಲ್ಲಿ ಮಾಡುವುದೇ. ಹಾಲ್‌ನ ಪುಡಿಯನ್ನೂ ಪಕ್ಕದಲ್ಲಿ ಇಡಿ, ಹೋಲಿಸಲು.

ಗಣಿತದ ಮೇಡಂ (ಕೋಲಾರ)

ಇವತ್ತು ಮಧ್ಯಾಹ್ನ ಮಾಡಿದರು. ಹಾಲ್‌ನ ಪುಡಿಗೆ ನೀರು ಸ್ವಲ್ಪ ಮಬ್ಬಾಯಿತು ಅಷ್ಟೇ. ಬಾತ್‌ರೂಮಿನದಕ್ಕೆ ಹಾಲು ಒಡೆದಂತೆ ದಪ್ಪಗೆ ಬಿಳಿ ಕೂತಿತು. ಲ್ಯಾಬಿನ ಮಕ್ಕಳೆಲ್ಲ ಸುತ್ತ ನಿಂತಿದ್ದರು. ಎರಡು ಪರೀಕ್ಷಾ ನಳಿಕೆ ಪಕ್ಕಪಕ್ಕ ನೋಡಿ ಒಬ್ಬ ಹುಡುಗಿ, "ಮೇಡಂ, ನಮ್ಮ ಮನೆಯಲ್ಲೂ ಆಸಿಡ್ ಹಾಕುತ್ತಾರೆ" ಎಂದಳು.

ಈಗ ರಿಪೇರಿ ಹೇಗೆ ಎಂದು ದಯವಿಟ್ಟು ಹೇಳಿ.

ಮಾಲೂರು ಸೈಟ್ ಇಂಜಿನಿಯರ್

ಎರಡಕ್ಕೂ ಒಂದೇ ಮದ್ದು ಅಲ್ಲ. ಅದಕ್ಕೇ ಇಷ್ಟು ದೂರ ಅಳೆಸಿದ್ದು.

ಬಾತ್‌ರೂಮಿನಲ್ಲಿ ಮೊದಲು ಸೋರಿಕೆ ನಿಲ್ಲಬೇಕು. ಮೇಲಿನ ಟೈಲ್ಸ್ ಎಬ್ಬಿಸಿ, ಟ್ರ್ಯಾಪ್ ಬದಲಿಸಿ, ಸುತ್ತ ವಾಟರ್‌ಪ್ರೂಫಿಂಗ್ ಮಾಡಿಸಿ. ನೀರು ನಿಲ್ಲಿಸಿ ಎರಡು ದಿನ ಪರೀಕ್ಷೆ ಮಾಡಿ. ಆಮೇಲೆ ಕೆಳಗಿನಿಂದ ಜಾಕಿ ಕೊಟ್ಟು ಕ್ಲೋರೈಡ್ ತುಂಬಿದ ಕಾಂಕ್ರೀಟನ್ನು ಪೂರ್ತಿ ತೆಗೆಸಬೇಕು. ಚಕ್ಕೆ ಎದ್ದದ್ದು ಮಾತ್ರ ತೆಗೆದು ಪ್ಯಾಚ್ ಹಾಕಿದರೆ ಪ್ಯಾಚ್ ಚೆನ್ನಾಗಿರುತ್ತದೆ, ಅದರ ಅಂಚಿನ ಸುತ್ತ ಹೊಸ ತುಕ್ಕು ಶುರುವಾಗುತ್ತದೆ. ಹಳೆ ಉಪ್ಪಿನ ಕಾಂಕ್ರೀಟ್, ಹೊಸ ಶುದ್ಧ ಕಾಂಕ್ರೀಟ್ ಎರಡೂ ಒಂದೇ ಕಂಬಿಯ ಮೇಲೆ ಕೂತರೆ ಬ್ಯಾಟರಿಯ ಎರಡು ತುದಿಗಳಂತೆ ಆಗುತ್ತವೆ. ಎರಡೇ ವರ್ಷದಲ್ಲಿ "ರಿಪೇರಿ ನಿಲ್ಲಲಿಲ್ಲ" ಎಂದು ದೂರುವ ಎಷ್ಟೋ ಮನೆಗಳ ಕಥೆ ಇದೇ. ಕಂಬಿಯ ಹಿಂದೆಯೂ 20 ಮಿ.ಮೀ. ಕೆತ್ತಿಸಿ, ಹೊಳೆಯುವವರೆಗೆ ಉಜ್ಜಿಸಿ. ಕಂಬಿ ಕಾಲು ಭಾಗ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸಬೇಕು. ಪ್ರೈಮರ್, ಆಮೇಲೆ ಪಾಲಿಮರ್ ಗಾರೆ.

ಸಜ್ಜಾದಲ್ಲಿ ಒಂದು ವಿಷಯ ಎಚ್ಚರ. ಸಜ್ಜಾ ಗೋಡೆಯಿಂದ ಹೊರಗೆ ಚಾಚಿರುತ್ತದೆ, ಭಾರ ಹೊರುವ ಕಂಬಿ ಮೇಲ್ಭಾಗದಲ್ಲಿ ಇರಬೇಕು. ನಿಮಗೆ ಅಡಿಯಲ್ಲಿ ಕಾಣುತ್ತಿರುವುದು ಅಡ್ಡ ಕಂಬಿಯೋ ಮುಖ್ಯ ಕಂಬಿಯೋ? ಗೋಡೆಯಿಂದ ಹೊರಕ್ಕೆ ಓಡುವ ಕಂಬಿ ಅಡಿಯಲ್ಲಿ ಕಂಡರೆ, ಅದನ್ನು ತುಳಿದು ಕೆಳಗಿಳಿಸಿದ್ದಾರೆ ಎಂದರ್ಥ. ಆಗ ರಿಪೇರಿ ಬೇಡ, ಕೆಡವಿ ಹೊಸದು ಹಾಕಿಸಿ. ಇವತ್ತೇ ಅದರ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಹಾಲ್‌ಗೆ ಏನೂ ಮಾಡಬೇಡಿ. ಪೇಂಟ್ ಚೆನ್ನಾಗಿಟ್ಟುಕೊಂಡು ಹತ್ತು ವರ್ಷ ಬಿಟ್ಟು ಮತ್ತೆ ಸಿಂಪಡಿಸಿ ನೋಡಿ. ಆಗ ಆಳ 12ರ ಹತ್ತಿರ ಇದ್ದರೆ ನಿಮ್ಮ ಲೆಕ್ಕ ಸರಿ.

ಶ್ರೀನಿವಾಸಪುರ ತೋಟ

ಇದೆಲ್ಲ ಓದಿದ ಮೇಲೆ ಹೊಸ ಮನೆಗೆ ನಾನು ಏನು ಗಟ್ಟಿಯಾಗಿ ಹಿಡಿಯಬೇಕು? ಅಂಗಡಿಯಲ್ಲಿ ಪಿಪಿಸಿ ಸಿಮೆಂಟ್ ಕೊಡುತ್ತೇವೆ ಎನ್ನುತ್ತಾರೆ. ಅದು ಹಾರುಬೂದಿ (ಕಲ್ಲಿದ್ದಲು ಸುಟ್ಟ ನಯ ಬೂದಿ) ಬೆರೆಸಿದ್ದು ಎಂದು ಅಣ್ಣ ಬೇಡ ಎನ್ನುತ್ತಾನೆ.

ಮುಳಬಾಗಿಲು ಲ್ಯಾಬ್

ಹಾರುಬೂದಿ ಕಲಬೆರಕೆ ಅಲ್ಲ. ಕೆಆರ್‌ಎಸ್ ಅಣೆಕಟ್ಟನ್ನು ಸುರ್ಕಿ ಗಾರೆಯಲ್ಲಿ ಕಟ್ಟಿದರು, ಇಟ್ಟಿಗೆ ಪುಡಿ ಮತ್ತು ಸುಣ್ಣ. ಆ ಇಟ್ಟಿಗೆ ಪುಡಿ ಮಾಡಿದ ಕೆಲಸವನ್ನೇ ಹಾರುಬೂದಿ ಮಾಡುತ್ತದೆ. ಸುಣ್ಣವನ್ನು ಹಿಡಿದು ಅಂಟಾಗಿ ಮಾಡುತ್ತದೆ, ರಂಧ್ರ ಸಣ್ಣದಾಗುತ್ತದೆ, ಕ್ಲೋರೈಡ್‌ಗೆ ದಾರಿ ಕಿರಿದಾಗುತ್ತದೆ. ಆದರೆ ಸುಣ್ಣ ಕಮ್ಮಿಯಾಗುವುದರಿಂದ ಕ್ಯೂರಿಂಗ್ ಕೆಟ್ಟರೆ ಕಾರ್ಬೊನೇಶನ್ ಬೇಗ. ಐಎಸ್ 456 ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಸಿಮೆಂಟಿಗೆ 10 ದಿನ, ಸಾಧ್ಯವಾದರೆ 14 ಎನ್ನುತ್ತದೆ. ನಮ್ಮ ಕಡೆ 14 ಅಂತಲೇ ಇಟ್ಟುಕೊಳ್ಳಿ. ನೀವು ಕಟ್ಟಿಸುವ ಮನೆಗೆ ಮೇಡಂ ಅಪ್ಪನ ಕಾಲಕ್ಕಿಂತ ಗಾಳಿಯೂ ಕೆಟ್ಟಿದೆ. 2000ದಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 370 ಭಾಗ ಇತ್ತು, ಈಗ 420 ದಾಟಿದೆ. ಇದರಿಂದಲೇ ಕೆ ನೂರಕ್ಕೆ ಆರೇಳು ಪಾಲು ಜಾಸ್ತಿಯಾಗುತ್ತದೆ.

ಬಂಗಾರಪೇಟೆ ಮೇಸ್ತ್ರಿ

ತೋಟದವರೇ, ನೀರು ಕಮ್ಮಿ ಇದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಮೋಲ್ಡ್ ಹಾಕಿಸಬೇಡಿ. ಸಜ್ಜಾ, ಕಂಬಕ್ಕೆ ಗೋಣಿ ಚೀಲ ಸುತ್ತಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ. ಅದೇ ಒಂದು ಬಿಂದಿಗೆ ನೀರು ಇಡೀ ದಿನ ನಿಲ್ಲುತ್ತದೆ. ಜಾಸ್ತಿ ನೀರು ಹಾಕಿ ತೆಳ್ಳಗೆ ಕಲಸಿದರೆ ಆ ದಿನವೇ ಕೆಲಸ ನಿಲ್ಲಿಸಿ. ಸಲೀಸಾಗಿ ಹರಿಯಲಿ ಎಂದು ಹುಡುಗರು ಪೈಪ್ ಬಿಡುತ್ತಾರೆ. ಒಣಗಿದ ಮೇಲೆ ಆ ನೀರಿದ್ದ ಜಾಗವೆಲ್ಲ ರಂಧ್ರ.

ಮೇಡಂ, ಸಜ್ಜಾ ನೋಡಿದಿರಾ?

ಗಣಿತದ ಮೇಡಂ (ಕೋಲಾರ)

ನೋಡಿದೆ ಅಣ್ಣ. ಗೋಡೆಯಿಂದ ಹೊರಕ್ಕೆ ಓಡುವ ಕಂಬಿಯೇ ಅಡಿಯಲ್ಲಿದೆ. ಮಾಲೂರು ಸಾರ್ ಫೋಟೋ ನೋಡಿ ಕೆಡವಿಸಿ ಎಂದರು. ಕೆಳಗೆ ಹಗ್ಗ ಕಟ್ಟಿ ದಾರಿ ಮುಚ್ಚಿದ್ದೇವೆ. ಮಹಡಿಯ ಆಸಿಡ್ ಬಾಟಲಿಗಳನ್ನು ಕೆಮಿಸ್ಟ್ರಿ ಮೇಡಂಗೆ ಒಪ್ಪಿಸಿದ್ದಾಯಿತು. ಕಲೆಗೆ ಈಗ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಟೈಲ್ಸಿನ ಸಂದು ಅದಕ್ಕೂ ಸವೆಯುತ್ತದೆಯಂತೆ, ಹಚ್ಚಿದ ಕೂಡಲೇ ತೊಳೆಯುತ್ತೇವೆ. ಕ್ಲೋರೈಡ್ ಅಂತೂ ಇಲ್ಲ.

ಹೊಸ ಸಜ್ಜಾವನ್ನು ನೀವೇ ಹಾಕಿಕೊಡುತ್ತೀರಾ?

ಬಂಗಾರಪೇಟೆ ಮೇಸ್ತ್ರಿ

ಬರುತ್ತೇನೆ ಮೇಡಂ. ಶನಿವಾರ ಬೆಳಿಗ್ಗೆ ಏಳಕ್ಕೆ. 30 ಮಿ.ಮೀ. ಕವರ್ ಬ್ಲಾಕ್ ನಾನೇ ತರುತ್ತೇನೆ. ಮೋಲ್ಡ್ ಹಾಕುವ ಮುಂಚೆ ಮೇಲಿನ ಕಂಬಿ ಎಲ್ಲಿದೆ ಎಂದು ನೀವು ಸ್ಕೇಲ್ ಇಟ್ಟು ನೋಡಿ, ಆಮೇಲೆ ಹೂಂ ಎನ್ನಿ. ಗೋಣಿ ಚೀಲ ಹತ್ತು ತೆಗೆದಿಟ್ಟಿರಿ.